ಹೂವಿನ ಬೆಲ್ಲು

ಮೈಸೂರು
ಜುಲೈ ೫, ೨೦೦೩

ನಮ್ಮ ಮೇಷ್ಟ್ರಿಗೆ,

ನಮ್ಮನ್ನು ಆರಿಸಿದ್ದಾರೆ ಪ್ರಸಾದ್, ಆ ವಿದೇಶದ ಪ್ರತಿಷ್ಠಾನದವರು ನಮ್ಮ ಎರಡು ಪುಟದ ಟಿಪ್ಪಣಿಯನ್ನು ಮೆಚ್ಚಿ ಪೂರ್ತಿ ಪ್ರೊಪೋಸಲ್ ಕಳಿಸಿ ಎಂದಿದ್ದಾರೆ, ಅದನ್ನು ಬರೆಯುವವಳು ನಾನು.

ಹೌದು, ನಾನೇ. ಮದುವೆಯಾಗಿ ಸರಿಯಾಗಿ ಎರಡು ತಿಂಗಳೂ ಆಗದ, ಮುದ್ದೆ ತಿರುವಲು ಬಾರದ ನಿಮ್ಮ ಹೆಂಡತಿ. ಜೂನ್‌ನಲ್ಲಿ ತೆರಕಣಾಂಬಿಯ ನಮ್ಮ ಜಗುಲಿಯ ಮೇಲೆ ಕೂತು ದೀವಿಗೆ ಟ್ರಸ್ಟಿನ ಗೋವಿಂದಯ್ಯನವರಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟೆನಲ್ಲ, ಅದೇ ಟಿಪ್ಪಣಿ. ಇವತ್ತು ಸೈಬರ್ ಕೆಫೆಯಲ್ಲಿ ಇ-ಮೇಲ್ ತೆರೆದವಳು ಎದ್ದು ನಿಂತುಬಿಟ್ಟೆ. ಪಕ್ಕದವರು ಕರೆಂಟ್ ಹೊಡೆಯಿತೇನೋ ಅಂದುಕೊಂಡರು. ಚಾಮರಾಜನಗರಕ್ಕೆ ಫೋನ್ ಮಾಡಿ ಹೇಳಿದರೆ ಗೋವಿಂದಯ್ಯನವರು ಅದನ್ನು ಎರಡು ಸಲ ಓದಿಸಿ ಕೇಳಿದರು. ಆಮೇಲೆ, ಇಷ್ಟು ವರ್ಷ ಟ್ರಸ್ಟು ಸ್ಲೇಟು ಹಂಚಿದ್ದು ಬಿಟ್ಟು ಏನೂ ಮಾಡಿರಲಿಲ್ಲ, ಪೂರ್ತಿ ಬರೆಯುವ ಕೆಲಸ ನಿನ್ನದೇ ಮಗಳೇ ಎಂದರು. ಗ್ರಾಂಟ್ ಬಂದರೆ ಹೋಬಳಿಯ ಶಾಲೆಗಳ ಕೆಲಸ ನೋಡಿಕೊಳ್ಳುವವಳೂ ನಾನೇ ಅಂತೆ. ಅಂದರೆ ಬೆಳಿಗ್ಗೆ ನಿಮ್ಮ ಸೈಕಲ್ಲಿನ ಹಿಂದೆ ಕೂತು ಕೆಲಸಕ್ಕೆ ಹೊರಡುವವಳು. ಇದನ್ನು ನೆನೆದೇ ನನಗೆ ಊಟ ಸೇರುತ್ತಿಲ್ಲ.

ಪ್ರತಿಷ್ಠಾನದವರ ಮೊದಲ ಪ್ರಶ್ನೆ ಕೇಳಿ. ‘ನಿಮ್ಮ ದೇಶದ ಮೂಲ ಶಿಕ್ಷಣ ವ್ಯವಸ್ಥೆಯ ಮುಖ್ಯ ಕೊರತೆಗಳನ್ನೂ ಅವುಗಳ ಸುಧಾರಣೆಯ ದಾರಿಯನ್ನೂ ಒಂದು ಪುಟದಲ್ಲಿ ವಿವರಿಸಿ.’ ಒಂದು ದೇಶ, ಒಂದು ಪುಟ. ಈ ದೇಶದಲ್ಲಿ ನಾನು ನೋಡಿರುವ ಸರ್ಕಾರಿ ಶಾಲೆ ಒಂದೇ, ಹೊನ್ನೆಕಟ್ಟೆಯ ನಿಮ್ಮ ಶಾಲೆ. ಅದೂ ಮೂರು ವಾರ, ಅದರಲ್ಲೂ ಅರ್ಧ ಹೊತ್ತು ಶಾಲೆಯನ್ನು ನೋಡಲೇ ಇಲ್ಲ, ನಿಮ್ಮನ್ನು ನೋಡುತ್ತಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಮೇಷ್ಟ್ರು ಮಗುವಿನ ಮೂಗು ಒರೆಸಿದ್ದನ್ನು ಕಂಡಿರಲಿಲ್ಲ.

ಆಷಾಢಕ್ಕೆ ಹೊಸ ಹೆಂಡತಿಯನ್ನು ತವರಿಗೆ ಅಟ್ಟುವ ಪದ್ಧತಿ ಮಾಡಿದವರು ಸಿಕ್ಕರೆ ಕೇಳಬೇಕಾದ್ದು ಬಹಳ ಇದೆ. ಈ ಕಾಗದವನ್ನು ಅಮ್ಮನಿಗೆ ಓದಿ ತೋರಿಸಿ ಕನ್ನಡ ತಿದ್ದಿಸಿಕೊಂಡಿದ್ದೇನೆ, ಕೆಲವು ಸಾಲುಗಳನ್ನು ಬಿಟ್ಟು. ಅತ್ತೆಗೆ ನಮಸ್ಕಾರ. ನಿಮ್ಮ ಶಾಲೆಯ ವಿಶೇಷ ಏನೇನಿದೆ, ಎಲ್ಲ ಬರೆಯಿರಿ. ಬೇಗ.

ನಿಮ್ಮವಳೇ ಆದ
ರಂಜಿನಿ


ತೆರಕಣಾಂಬಿ
ಜುಲೈ ೧೧, ೨೦೦೩

ರಂಜಿನಿ,

ನಿನ್ನ ಕಾಗದ ತಲುಪಿತು. ಸಂತೋಷವಾಯಿತು. ಅವ್ವನಿಗೆ ಓದಿ ಹೇಳಿದೆ. ನಾನೂ ಕೆಲವು ಸಾಲುಗಳನ್ನು ಬಿಟ್ಟೆ, ಆದರೆ ಅಲ್ಲಿ ಯಾಕೆ ನಿಲ್ಲಿಸಿದೆ ಎಂದು ಅವ್ವ ಕೇಳಲಿಲ್ಲ, ನಕ್ಕಳು.

ವಿಶೇಷ ಎಂದರೆ ಏನು ಬರೆಯುವುದು. ಎರಡು ಕೋಣೆ, ಇಬ್ಬರು ಮೇಷ್ಟ್ರು. ಹೆಡ್‌ಮಿಸ್ ದೊಡ್ಡಮಾದಮ್ಮನವರು ಅಕ್ಟೋಬರ್ ಕೊನೆಗೆ ನಿವೃತ್ತಿಯಾಗುತ್ತಾರೆ. ಅವರಿಲ್ಲದ ಶಾಲೆ ಹೇಗಿರುತ್ತದೋ.

ನೀನು ಹೋದಮೇಲೆ ಚೆಂಡುಹೂವು ಅರಳಿದೆ. ಹೊನ್ನೆಕಟ್ಟೆಯ ಸುತ್ತ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ, ಊಟಿ ಕಡೆ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಹೂವು ಬಿಡಿಸಿ ಮೂಟೆ ಕಟ್ಟಿ ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಯ ಲಾರಿಗೆ ಹಾಕಬೇಕು. ಮಕ್ಕಳೂ ತಾಯಂದಿರ ಜೊತೆ ಹೊಲದಲ್ಲೇ. ಹೂವಿನ ತಿಂಗಳುಗಳಲ್ಲಿ ನಮ್ಮ ಶಾಲೆಗೆ ಎರಡು ಬೆಲ್ಲು. ಹತ್ತು ಗಂಟೆಗೆ ಸರ್ಕಾರದ್ದು, ಆಗ ನಾವಿಬ್ಬರೇ ಇರುತ್ತೇವೆ. ಮಧ್ಯಾಹ್ನ ಲಾರಿ ಊರು ಬಿಟ್ಟಮೇಲೆ ಹೂವಿನ ಬೆಲ್ಲು, ಆಗ ಶಾಲೆ ತುಂಬುತ್ತದೆ. ಹಾಜರಿ ಆಗಲೇ. ಬೆಳಕು ಇರುವ ತನಕ ಪಾಠ. ಎಷ್ಟೋ ವರ್ಷದಿಂದ ಹೀಗೆ. ಸುತ್ತಲ ಊರುಗಳಲ್ಲಿ ಹೂವಿಗೆ ಹೋದ ಮಕ್ಕಳು ದಸರಾ ಕಳೆದರೂ ಶಾಲೆಗೆ ಬರುವುದಿಲ್ಲ, ನಮ್ಮಲ್ಲಿ ಒಂದು ಮಗುವೂ ಬಿಟ್ಟಿಲ್ಲ. ಪುಸ್ತಕದ ಅಂಚೆಲ್ಲ ಹಳದಿ, ಕೋಣೆಯೆಲ್ಲ ಹೂವಿನ ಘಾಟು. ನೀನಿದ್ದಿದ್ದರೆ ತಲೆನೋವು ಬರುತ್ತಿತ್ತು.

ಇದು ನಿನಗೆ ಹೇಳಿದ್ದು. ವಿಶೇಷವೇನಲ್ಲ.

ಭೀಮನ ಅಮಾವಾಸ್ಯೆಗೆ ಬರುತ್ತೇನೆ. ಮನೆ ಸ್ವಲ್ಪ ದೊಡ್ಡದಾಗಿದೆ ಅನ್ನಿಸುತ್ತಿದೆ.

ಪ್ರಸಾದ್


ಮೈಸೂರು
ಜುಲೈ ೧೭, ೨೦೦೩

ನನ್ನ ವಿಶೇಷವೇನಲ್ಲದವರೇ,

ಇಂಥದ್ದನ್ನು ಇಟ್ಟುಕೊಂಡು ‘ಏನು ಬರೆಯುವುದು’ ಎನ್ನುತ್ತೀರಲ್ಲ. ಹೂವಿನ ಬೆಲ್ಲು ಓದಿ ನಾನು ಅತ್ತುಬಿಟ್ಟೆ, ಆಮೇಲೆ ಕುಣಿದೆ, ಆಮೇಲೆ ಬರೆಯಲು ಕೂತವಳು ಎದ್ದಿಲ್ಲ. ಅಲ್ಲಿಯವರೆಗೆ ನನ್ನ ಪ್ರೊಪೋಸಲ್‌ನಲ್ಲಿ ಇದ್ದದ್ದು ಎಲ್ಲರೂ ಬರೆಯುವ ಮಾತು. ಕಟ್ಟಡವಿಲ್ಲ, ಮೇಷ್ಟ್ರಿಲ್ಲ, ಮಕ್ಕಳು ಬರುವುದಿಲ್ಲ. ಈಗ ಅದಕ್ಕೊಂದು ಹೃದಯ ಬಂದಿದೆ. ಮೂರು ಪುಟ ಪೂರ್ತಿ ಹೊನ್ನೆಕಟ್ಟೆ. ‘ದೇಶವೆಲ್ಲ ಮಕ್ಕಳು ಶಾಲೆಯ ಗಂಟೆಗೆ ಬರಲಿ ಎಂದು ಕಾಯುತ್ತಿರುವಾಗ, ಒಬ್ಬ ಶಿಕ್ಷಕಿ ತನ್ನ ಗಂಟೆಯನ್ನೇ ಮಕ್ಕಳ ಕಡೆಗೆ ತಿರುಗಿಸಿದಳು’ ಎಂದು ಶುರು ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿದೆ. ದೊಡ್ಡಮಾದಮ್ಮ ಟೀಚರ ಹೆಸರು, ಶಾಲೆಯ ಹೆಸರು, ಹತ್ತು ಗಂಟೆಗೆ ಖಾಲಿ ಕೋಣೆ, ಮಧ್ಯಾಹ್ನದ ಹಾಜರಿ ಎಲ್ಲ ಇದೆ. ಇದೇ ಕ್ರಮವನ್ನು ಹೋಬಳಿಯ ಹತ್ತು ಶಾಲೆಗಳಲ್ಲಿ ಮಾಡಿ ನೋಡುವುದು, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ. ನೋಡಿ, ಒಂದು ಪುಟದಲ್ಲಿ ದೇಶ ಬಂತು.

ಟೀಚರಿಗೆ ಏನೂ ಹೇಳಬೇಡಿ. ಗ್ರಾಂಟ್ ಬಂದ ದಿನ ಈ ಪುಟಗಳನ್ನು ನಾನೇ ಕೈಯಲ್ಲಿಟ್ಟು ಅವರ ಮುಖ ನೋಡಬೇಕು.

ಗೋವಿಂದಯ್ಯನವರು ಡ್ರಾಫ್ಟ್ ಓದಿ ಬಹಳ ಹೊಗಳಿದರು. ಅರ್ಜಿಯ ಜೊತೆ ಶಿಕ್ಷಣ ಕಚೇರಿಯ ಶಿಫಾರಸು ಪತ್ರ ಇರಲೇಬೇಕಂತೆ. ನಿನ್ನೆಯೇ ಚಾಮರಾಜನಗರದ ಕಚೇರಿಗೆ ಒಂದು ಪ್ರತಿ ಕೊಟ್ಟು ಬಂದಿದ್ದಾರೆ. ಎಲ್ಲ ಎಷ್ಟು ಬೇಗ ಆಗುತ್ತಿದೆ ಅಲ್ಲವೇ.

ಅಮಾವಾಸ್ಯೆಗೆ ನಿಮಗೆಂದು ಹೊಸ ಪಂಚೆ ತಂದಿದ್ದೇವೆ. ಗಂಡನ ಪಾದಪೂಜೆ ಮಾಡುವಾಗ ನಗಬಾರದು ಎಂದು ಅಮ್ಮ ಈಗಿನಿಂದಲೇ ಎಚ್ಚರಿಸುತ್ತಿದ್ದಾಳೆ. ನಿಮ್ಮ ಕಾಲಿಗೆ ಕಚಗುಳಿ ಎನ್ನುವುದು ಅವಳಿಗೆ ಗೊತ್ತಿಲ್ಲ.

ದಾರಿ ನೋಡುತ್ತಿರುವ
ನಿಮ್ಮ ರಂಜಿನಿ


ಮೈಸೂರು
ಜುಲೈ ೩೧, ೨೦೦೩

ಪ್ರಸಾದ್,

ನೀವು ಬರಲಿಲ್ಲ.

ಅಮಾವಾಸ್ಯೆಯ ದಿನ ಮಧ್ಯಾಹ್ನದ ತನಕ ಗೇಟಿನ ಹತ್ತಿರವೇ ಇದ್ದೆ. ಹೊತ್ತು ಮೀರುತ್ತದೆ ಎಂದು ಅಮ್ಮ ನಮ್ಮ ಮದುವೆಯ ಫೋಟೊ ತಂದಿಟ್ಟಳು. ಅದರಲ್ಲಿ ನೀವು ಸೊಂಟದಿಂದ ಮೇಲೆ ಮಾತ್ರ ಇದ್ದೀರಿ. ಪಾದವೇ ಇಲ್ಲದ ಗಂಡನಿಗೆ ಪಾದಪೂಜೆ ಮಾಡಿದವಳು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ನಗಿಸಲು ಬರೆಯುತ್ತಿದ್ದೇನೆ. ನನಗೆ ನಗು ಬರುತ್ತಿಲ್ಲ.

ಅತ್ತೆಗೆ ಹುಷಾರಿಲ್ಲವೇ? ನಿಮಗೇ? ಶ್ರಾವಣ ಬಂತು, ಆಷಾಢ ಮುಗಿಯಿತು. ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುವುದು ಯಾವಾಗ ಎಂದು ಬೀದಿಯವರೆಲ್ಲ ಕೇಳುತ್ತಾರೆ. ಅಮ್ಮ ಅವರಿಗೆ ಕಾಫಿ ಕೊಡುತ್ತಾಳೆ.

ಕೋಪವಿದ್ದರೆ ಕೋಪ ಎಂದಾದರೂ ಬರೆಯಿರಿ.

ರಂಜಿನಿ


ತೆರಕಣಾಂಬಿ
ಆಗಸ್ಟ್ ೪, ೨೦೦೩

ರಂಜಿನಿ,

ಎಲ್ಲರೂ ಆರೋಗ್ಯ. ಅವ್ವ ಚೆನ್ನಾಗಿದ್ದಾಳೆ. ಹಸು ಕರು ಹಾಕಿದೆ, ಹೆಣ್ಣು ಕರು. ಮಳೆ ಪರವಾಗಿಲ್ಲ.

ಕಾಗದ ಎರಡು ಸಲ ಬರೆದು ಹರಿದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಅಮಾವಾಸ್ಯೆಯ ಹಿಂದಿನ ದಿನ ನಾನು ಬ್ಯಾಗು ಹಿಡಿದೇ ಶಾಲೆಗೆ ಹೋಗಿದ್ದೆ, ಸಂಜೆ ಅಲ್ಲಿಂದಲೇ ಬಸ್ಸು ಹತ್ತಲು. ಬೆಳಿಗ್ಗೆ ಹನ್ನೊಂದಕ್ಕೆ ಶಿಕ್ಷಣ ಕಚೇರಿಯ ಜೀಪು ಬಂತು. ಇಳಿದ ಅಧಿಕಾರಿಗಳ ಕೈಯಲ್ಲಿ ನಿನ್ನ ಮೂರು ಪುಟ ಇತ್ತು. ಶಾಲೆಯಲ್ಲಿ ನಾವಿಬ್ಬರೇ. ದೊಡ್ಡಮಾದಮ್ಮನವರು ಗಾಬರಿಯಾಗಲಿಲ್ಲ. ಕುರ್ಚಿ ಹಾಕಿಸಿ ಹೇಳಿದರು, ‘ಊವಿನ ಲಾರಿ ಓಗ್ಲಿ ಸಾ, ಒಂದ್ಗಳ್ಗೆ ಕೂತ್ಕಳಿ. ಐಕ್ಳೆಲ್ಲ ಬತ್ತವೆ.’ ಅವರು ಕೂರಲಿಲ್ಲ. ಬರೆದುಕೊಂಡು ಹೋದರು.

ಮೂರು ದಿನದಲ್ಲಿ ನೋಟಿಸ್ ಬಂತು. ಅನುಮತಿಯಿಲ್ಲದೆ ಶಾಲೆಯ ವೇಳೆ ಬದಲಿಸಿದ್ದಕ್ಕೆ ಟೀಚರ ಮೇಲೆ ವಿಚಾರಣೆ. ಈ ತಿಂಗಳ ಹದಿನೆಂಟು, ಸೋಮವಾರ, ಚಾಮರಾಜನಗರದ ಕಚೇರಿಯಲ್ಲಿ. ವಿಚಾರಣೆ ಮುಗಿಯದಿದ್ದರೆ ಅವರ ಪಿಂಚಣಿ ನಿಲ್ಲುತ್ತದೆ. ತೀರ್ಮಾನವಾಗುವ ತನಕ ಹೂವಿನ ಬೆಲ್ಲು ಹೊಡೆಯಕೂಡದು. ಹೊಡೆಯುತ್ತಿಲ್ಲ. ನಾಲ್ಕು ದಿನದಿಂದ ಶಾಲೆಗೆ ಬಂದ ಮಕ್ಕಳನ್ನು ಒಂದು ಕೈಯಲ್ಲಿ ಎಣಿಸಬಹುದು.

ಅವತ್ತು ಟೀಚರನ್ನು ಭೀಮನಬೀಡಿನ ಅವರ ಮನೆ ತನಕ ಬಿಟ್ಟು ಬಂದೆ. ಬಸ್ಸು ತಪ್ಪಿತು. ಮಾರನೆ ದಿನ ಬರಬಹುದಿತ್ತು. ಬಂದಿದ್ದರೆ ನಿನ್ನ ಎದುರು ಏನು ಹೇಳುತ್ತಿದ್ದೆನೋ ಗೊತ್ತಿರಲಿಲ್ಲ, ಅದಕ್ಕೆ ಬರಲಿಲ್ಲ. ಕಚೇರಿಗೆ ಪ್ರತಿ ಹೋಗಿದೆ ಎಂದು ನೀನು ಬರೆದಾಗಲೇ ನಾನೂ ಟೀಚರಿಗೆ ಹೇಳಬಹುದಿತ್ತು, ಹೇಳಲಿಲ್ಲ. ಈಗ ಕೋಪವಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಹೇಳಿದ್ದು ಇದು. ‘ಅವ್ಳೇನ್ ಕಳ್ತನ ಮಾಡುದ್ಲಾ? ಇರೋದ ಬರುದ್ಲು. ಬರ್ಯಾಕ್ ಮುಂಚೆ ಆ ಟೀಚರಮ್ಮುನ್ನ ಒಂದ್ ಮಾತ್ ಕೇಳ್ಬೇಕಾಗಿತ್ತು ಕಣ, ಅಷ್ಟೇಯ.’

ಕರೆದುಕೊಂಡು ಬರಲು ಯಾವಾಗ ಬರಬೇಕೋ ತಿಳಿಯದು. ಈಗ ನೀನು ಬಂದರೆ ಜನ ನಿನ್ನನ್ನೇ ನೋಡುತ್ತಾರೆ. ಸ್ವಲ್ಪ ತಣ್ಣಗಾಗಲಿ.

ಪ್ರಸಾದ್


ಮೈಸೂರು
ಆಗಸ್ಟ್ ೮, ೨೦೦೩

ನನ್ನ ಪ್ರಸಾದ್,

ಇವತ್ತು ವರಮಹಾಲಕ್ಷ್ಮಿ ಹಬ್ಬ. ಮನೆ ತುಂಬ ಹೆಂಗಸರು. ಕಳಶಕ್ಕೆ ಚೆಂಡುಹೂವಿನ ಹಾರ ಹಾಕಿದ್ದಾರೆ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನೀವು ಬೈದಿಲ್ಲ. ಬೈದಿದ್ದರೆ ನಾನೂ ಏನಾದರೂ ಎದುರಾಡಿ ಅತ್ತು ಮುಗಿಸಬಹುದಿತ್ತು. ಹಸು ಕರು ಹಾಕಿದೆ ಎಂದು ಬರೆದಿರಿ. ಆ ಸಾಲನ್ನೇ ಎಷ್ಟು ಸಲ ಓದಿದೆನೋ.

ನಾನು ನಿಮ್ಮ ಊರನ್ನು ಪ್ರೀತಿಸುತ್ತೇನೆ, ಪ್ರೀತಿಸುವವರನ್ನು ಹೊಗಳಿದರೆ ಅದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಗುಟ್ಟಾಗಿ ಅಚ್ಚರಿಪಡಿಸುವ ಆಸೆ ಬೇರೆ. ಅತ್ತೆ ಹೇಳಿದ್ದು ಸರಿ.

ಗೋವಿಂದಯ್ಯನವರು ಮೊನ್ನೆ ಮನೆಗೇ ಬಂದಿದ್ದರು. ದಾರಿಯೊಂದಿದೆ ಎನ್ನುತ್ತಾರೆ. ಹೊನ್ನೆಕಟ್ಟೆಯ ಆ ಪುಟಗಳು ನಿಜವಲ್ಲ, ಯೋಜನೆ ಆಕರ್ಷಕವಾಗಿರಲೆಂದು ಲೇಖಕಿ ಕಲ್ಪಿಸಿ ಬರೆದದ್ದು, ಅವತ್ತು ಮಕ್ಕಳು ಇರದಿದ್ದದ್ದು ಹಬ್ಬದ ಹಿಂದಿನ ದಿನ ಎಂಬ ಕಾರಣಕ್ಕೆ. ಹೀಗೆ ಒಂದು ಪತ್ರ ಟೈಪ್ ಮಾಡಿಸಿ ತಂದಿದ್ದರು. ‘ಒಂದು ಸೈನ್ ಹಾಕ್ಬುಡಮ್ಮ. ಆಯಮ್ಮುನ್ ಪಿಂಚಣಿ ಉಳೀತದೆ, ನಮ್ಗೆ ಶಿಫಾರಸೂ ಸಿಕ್ತದೆ’ ಎಂದರು. ಅವರು ಕೆಟ್ಟವರಲ್ಲ ಪ್ರಸಾದ್. ನನಗಿಂತ ಹೆಚ್ಚು ಹೆದರಿದ್ದಾರೆ.

ಸುಳ್ಳು ನನ್ನ ಮೇಲೆ ಬರುತ್ತದೆ. ಬರಲಿ. ಊರಿಗೆಲ್ಲ ಸುಳ್ಳಿ ಅನ್ನಿಸಿಕೊಂಡರೂ ಚಿಂತೆಯಿಲ್ಲ. ಪೆನ್ನು ಕೈಗೆ ತೆಗೆದುಕೊಂಡವಳು ಹಾಗೇ ಇಟ್ಟೆ. ಕೇಳದೆ ಬರೆದು ಇಷ್ಟಾಯಿತು, ಈಗಲಾದರೂ ಕೇಳಬೇಕು. ಪತ್ರದ ನಕಲು ಇದರ ಜೊತೆ ಇಟ್ಟಿದ್ದೇನೆ. ದೊಡ್ಡಮಾದಮ್ಮ ಟೀಚರಿಗೆ ತೋರಿಸಿ. ಸೈನ್ ಮಾಡು ಎಂದರೆ ಅವತ್ತೇ ಮಾಡಿ ಕಳಿಸುತ್ತೇನೆ.

ಅವರು ಮಾತೇ ಆಡದಿದ್ದರೆ ಅದನ್ನೂ ಬರೆಯಿರಿ.

ನಿಮ್ಮವಳು ಅನ್ನಬಹುದೋ ಇಲ್ಲವೋ,
ರಂಜಿನಿ


ಭೀಮನಬೀಡು
ಆಗಸ್ಟ್ ೧೧, ೨೦೦೩

ಚಿ. ಸೌ. ಶಿವರಂಜಿನಿಗೆ ದೊಡ್ಡಮಾದಮ್ಮ ಮಾಡುವ ಆಶೀರ್ವಾದ.

ಪ್ರಸಾದ್ ನಿನ್ನ ಕಾಗದವನ್ನೂ ಆ ಟೈಪಿನ ಪತ್ರವನ್ನೂ ತಂದುಕೊಟ್ಟ. ಉತ್ತರ ನಾನೇ ಬರೆಯುತ್ತೇನೆ ಎಂದೆ. ಅವನು ನಿನ್ನ ವಿಷಯ ಬರೆಯಲು ಕೂತರೆ ಹಸುವಿನ ವಿಷಯ ಬರೆಯುತ್ತಾನೆ.

ನಿನ್ನ ಮೇಲೆ ಕೋಪ ಬಂತಮ್ಮ. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂವತ್ತು ವರ್ಷದ ನೌಕರಿಯ ಕೊನೆಗೆ ನೋಟಿಸ್ ಓದಬೇಕಾಯಿತಲ್ಲ. ನನ್ನದೊಬ್ಬಳದೇ ಸಂಬಳದ ಮನೆ ಇದು. ಎರಡು ದಿನ ನಿನ್ನ ಹೆಸರು ಎತ್ತಬೇಡ ಎಂದು ಪ್ರಸಾದನಿಗೆ ಹೇಳಿದ್ದೆ. ಆಮೇಲೆ ನಾನೇ ಕರೆದು, ನೋಟಿಸಿನ ಜೊತೆ ಬಂದ ಆ ಇಂಗ್ಲಿಷ್ ಪುಟಗಳಲ್ಲಿ ಅದೇನು ಬರೆದಿದ್ದಾಳೋ ಕನ್ನಡದಲ್ಲಿ ಹೇಳು ಎಂದೆ. ಹೇಳಿದ. ನಮ್ಮ ವಿಷಯ ಯಾರೂ ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ಇನ್ನೊಂದು ಸಲ ಹೇಳು ಎಂದೆ.

ಆದರೆ ಅದರಲ್ಲಿ ಒಂದು ತಪ್ಪಿದೆ. ಒಬ್ಬ ಶಿಕ್ಷಕಿ ಗಂಟೆ ತಿರುಗಿಸಿದಳು ಎಂದು ಬರೆದೆ. ನಾನು ತಿರುಗಿಸಲಿಲ್ಲ. ಊರಿಗೆ ಹೂವಿನ ಬೆಳೆ ಬಂದ ಮೊದಲ ವರ್ಷ ಹೊಲಕ್ಕೇ ಹೋಗಿ ಮಕ್ಕಳನ್ನು ಕಳಿಸಿ ಎಂದು ತಾಯಂದಿರ ಜೊತೆ ಜಗಳವಾಡಿದವಳು ನಾನು. ಆಗ ಚಿಕ್ಕನಿಂಗಮ್ಮ ಎಂಬುವಳು ಮೂಟೆ ಹೊಲಿಯುತ್ತ ಹೇಳಿದಳು, ‘ಲಾರಿ ಓದ್ಮೇಲೆ ಇನ್ನೊಂದ್ ದಪ ಬೆಲ್ ಒಡೀರಿ ಟೀಚರೇ, ನಾವೇ ಐಕ್ಳ ಕೈ ತೊಳ್ಸಿ ಕಳುಸ್ತೀವಿ.’ ಆ ಬೆಲ್ಲು ಅವರದು. ನಾನು ಹೊಡೆಯುವವಳು ಮಾತ್ರ.

ಹಾಗಾಗಿ ಟೈಪಿನ ಪತ್ರವನ್ನು ಹೊಲಕ್ಕೆ ಒಯ್ದು ಅವರಿಗೇ ಓದಿ ಹೇಳಿದೆ. ಇದಕ್ಕೆ ಸೈನ್ ಬಿದ್ದರೆ ನನ್ನ ಪಿಂಚಣಿಗೆ ತೊಂದರೆಯಿಲ್ಲ, ಆದರೆ ಅಂಥ ಬೆಲ್ಲು ಇರಲೇ ಇಲ್ಲ ಎಂದಾಗುತ್ತದೆ, ಇನ್ನು ಹೊಡೆಯುವ ಹಾಗೂ ಇಲ್ಲ ಎಂದೆ. ಎಲ್ಲರೂ ತಲೆ ಬಗ್ಗಿಸಿ ಮತ್ತೆ ಹೂವು ಬಿಡಿಸತೊಡಗಿದರು. ನನ್ನ ಪಿಂಚಣಿಯ ಮಾತು, ಅವರಾದರೂ ಹೇಗೆ ಬೇಡ ಎಂದಾರು. ನಾನೇ ಬಾಯಿಬಿಟ್ಟು, ಇರಲಿಲ್ಲ ಅನ್ನಲು ನನ್ನಿಂದ ಆಗುವುದಿಲ್ಲ ಎಂದೆ. ಆಗ ಚಿಕ್ಕನಿಂಗಮ್ಮ, ‘ಹಂಗಾರೆ ಸೋಮಾರ ನಾವೂ ಬತ್ತೀವಿ. ಒಂದಿನದ ಊವು ಓದ್ರೆ ಓಗ್ಲಿ ಬುಡಿ. ಬೆಲ್ ಒಡೀರಿ ಅಂದೋರು ನಾವು ತಾನೆ’ ಎಂದಳು. ಒಂದು ದಿನ ಬಿಡಿಸದಿದ್ದರೆ ಹೂವು ಗಿಡದಲ್ಲೇ ಬಾಡುತ್ತದೆ, ನಿನಗೆ ಗೊತ್ತಿರಲಿ.

ಆಮೇಲೆ ಅವಳು ನಿನ್ನ ವಿಷಯ ಕೇಳಿದಳು. ‘ಬರ್ದೋಳು ಎಲ್ಲವ್ಳೆ? ಅವ್ಳು ಬರಾಕಿಲ್ವಾ?’

ನನಗೆ ಗೊತ್ತಿಲ್ಲ ಎಂದೆ. ಸೈನ್ ಮಾಡಬೇಡಮ್ಮ. ಹೂವಿನ ಬೆಲ್ಲಿನ ಶಾಲೆಯನ್ನು ನೀನು ನೋಡದೆಯೇ ಇಷ್ಟು ಚೆನ್ನಾಗಿ ಬರೆದೆ. ನೋಡಿದ್ದರೆ ಇನ್ನೂ ಸ್ವಲ್ಪ ಕಡಿಮೆ ಬರೆಯುತ್ತಿದ್ದೆಯೇನೋ.

ಇಂತು ಶುಭ ಕೋರುವ
ದೊಡ್ಡಮಾದಮ್ಮ


ಮೈಸೂರು
ಆಗಸ್ಟ್ ೧೩, ೨೦೦೩

ಪ್ರಸಾದ್, ನನ್ನ ಮೇಷ್ಟ್ರೇ,

ಟೀಚರ ಕಾಗದ ಈಗಷ್ಟೇ ಬಂತು, ಕೈಯಲ್ಲೇ ಇದೆ, ಅದರ ಮೇಲೆಯೇ ಹಾಳೆ ಇಟ್ಟು ಬರೆಯುತ್ತಿದ್ದೇನೆ. ನಾಳಿದ್ದು ಸ್ವಾತಂತ್ರ್ಯ ದಿನದ ರಜ, ಶನಿವಾರವಾದರೂ ಇದು ನಿಮ್ಮ ಕೈ ಸೇರಲಿ ಎಂದು ಅಂಚೆಯ ಹೊತ್ತು ನೋಡಿಕೊಂಡು ಓಡಬೇಕು.

ಸೈನ್ ಮಾಡಲಿಲ್ಲ. ಗೋವಿಂದಯ್ಯನವರಿಗೆ ಫೋನ್ ಮಾಡಿ ಹೇಳಿದೆ. ಶಿಫಾರಸು ಪತ್ರ ಇನ್ನು ಸಿಗುವುದಿಲ್ಲ, ಅದಿಲ್ಲದೆ ಗ್ರಾಂಟ್ ಬರುವುದು ಅನುಮಾನ ಎಂದರು. ನಿಜ. ಎಷ್ಟು ಆಸೆಪಟ್ಟಿದ್ದೆ ಎನ್ನುವುದು ನಿಮಗೆ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಕೊನೆಗೆ ಅವರು, ‘ಆಯ್ತು, ನೀನು ಬರೆಯೋದ ಬರಿ, ಟ್ರಸ್ಟಿನ ಸೀಲು ನಾನು ಹಾಕ್ತೀನಿ’ ಎಂದರು. ಆ ಮಾತು ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತೋ. ದೀವಿಗೆ ಟ್ರಸ್ಟ್ ಎಂದರೆ ಅವರು ಮತ್ತು ಒಂದು ಬೀರು.

ಕೂಡಲೇ ಕೂತು ಎಲ್ಲ ಬದಲಿಸಿದೆ. ದೇಶದ ಪುಟವನ್ನು ತೆಗೆದುಹಾಕಿದೆ. ದೇಶದ ಬಗ್ಗೆ ನನಗೆ ಗೊತ್ತಿಲ್ಲ, ಒಂದು ಹೋಬಳಿಯ ಬಗ್ಗೆ ಕೇಳಿ ತಿಳಿದುಕೊಂಡಿದ್ದೇನೆ ಎಂದೇ ಶುರುವಾಗುತ್ತದೆ. ಆ ಒಬ್ಬ ಶಿಕ್ಷಕಿಯ ಸಾಲು ಹೋಯಿತು. ಇಂಗ್ಲಿಷಿನಲ್ಲಿ ಅದು ನಿಜವಾಗಿಯೂ ಚೆನ್ನಾಗಿತ್ತು ಪ್ರಸಾದ್, ಹೊಡೆದು ಹಾಕುವಾಗ ಸಂಕಟವಾಯಿತು. ಈಗ ಅಲ್ಲಿ ಚಿಕ್ಕನಿಂಗಮ್ಮ ಮೂಟೆ ಹೊಲಿಯುತ್ತ ಕೂತಿದ್ದಾಳೆ. ಹೋಬಳಿಯ ಪ್ರತಿ ಊರಿನಲ್ಲೂ ಶಾಲೆಯ ಹೊತ್ತನ್ನು ತಾಯಂದಿರನ್ನು ಕೇಳಿ ಗೊತ್ತುಮಾಡುವುದು, ಅದಕ್ಕೆ ಕಚೇರಿಯ ಒಪ್ಪಿಗೆ ಪಡೆಯುವುದು, ನಾವು ಕೇಳುತ್ತಿರುವುದು ಇಷ್ಟೇ. ಆದರೆ ಇದನ್ನು ಯಾರಿಗೂ ಕಳಿಸಿಲ್ಲ. ಮೊದಲು ಅದನ್ನು ಕನ್ನಡದಲ್ಲಿ, ಹೊಲದಲ್ಲಿ, ಅವರಿಗೆಲ್ಲ ಓದಿ ಹೇಳಬೇಕು. ಅವರು ತೆಗೆ ಎಂದದ್ದನ್ನು ತೆಗೆಯಬೇಕು. ಕೊನೆಯ ದಿನಾಂಕಕ್ಕೆ ಇನ್ನೂ ಎರಡು ವಾರವಿದೆ.

ಸೋಮವಾರ ವಿಚಾರಣೆಯಲ್ಲಿ ನಾನೂ ಇರುತ್ತೇನೆ. ಕಚೇರಿಯವರು ಏನು ತೀರ್ಮಾನ ಮಾಡುತ್ತಾರೋ ತಿಳಿಯದು. ಬರೆದವಳು ಎಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ಎದ್ದು ನಿಲ್ಲಬೇಕು, ಕೇಳದಿದ್ದರೂ ನಿಲ್ಲಬೇಕು. ಟೀಚರ ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಚಿಕ್ಕನಿಂಗಮ್ಮನ ಹಿಂದೆ ನಿಲ್ಲುತ್ತೇನೆ.

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಒಲೆ ಆರಿಸಿ ಬಂದು ಕೂತಳು. ಆಷಾಢಕ್ಕೆ ಬಂದ ಮಗಳನ್ನು ಗಂಡನ ಮನೆಯವರು ಬಂದು ಕರೆಯದೆ ಕಳಿಸುವುದುಂಟೇ, ನಾಳೆ ಅವರು ಹಗುರವಾಗಿ ನೋಡಿದರೆ ಏನು ಮಾಡುತ್ತೀಯ ಎಂದಳು. ನಮ್ಮ ಅತ್ತೆ ಹಾಗೆ ನೋಡುವವರಲ್ಲ ಎಂದೆ. ಗಂಡನೋ ಎಂದಳು. ನನಗೆ ಗೊತ್ತಿದೆ ಅನ್ನುವ ಮುಖ ಮಾಡಿದೆ. ಗೊತ್ತಿದೆ ತಾನೆ ಪ್ರಸಾದ್? ತಣ್ಣಗಾಗಲಿ ಎಂದಿರಿ. ಎಲ್ಲ ತಣ್ಣಗಾದಮೇಲೆ ಬರಲು ನಾನೇನು ನೆಂಟಳೇ. ಜನ ನೋಡಲಿ. ನಾನೂ ಅವರನ್ನು ನೋಡುತ್ತೇನೆ, ಮದುವೆಯಲ್ಲಿ ತಲೆ ತಗ್ಗಿಸಿ ಕೂತು ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಅಮ್ಮ ಈಗ ಒಳಗೆ ನನ್ನ ಸೀರೆಗಳನ್ನು ಮಡಚುತ್ತಿದ್ದಾಳೆ. ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿದೆ, ಆದರೆ ಮಡಚುತ್ತಿದ್ದಾಳೆ.

ನೀವು ಕರೆಯಲು ಮೈಸೂರಿಗೆ ಬರಬೇಡಿ. ಶಾಲೆ ಬಿಟ್ಟು ಬರಬೇಡಿ, ಸಾಲ ಮಾಡಿದವರ ಹಾಗೆ ಮುಖ ಸಣ್ಣ ಮಾಡಿಕೊಂಡು ಅಮ್ಮನ ಎದುರು ಕೂರಬೇಡಿ. ಸ್ಟೇಷನ್ನಿಗೆ ಮಾತ್ರ ಬನ್ನಿ. ಭಾನುವಾರ, ಹದಿನೇಳನೆಯ ತಾರೀಖು, ಮೈಸೂರಿನಿಂದ ಬೆಳಿಗ್ಗೆ ಹೊರಡುವ ಚಾಮರಾಜನಗರ ಪ್ಯಾಸೆಂಜರಿನಲ್ಲಿ ಬರುತ್ತಿದ್ದೇನೆ.

ನಿಮ್ಮ
ರಂಜಿನಿ